ಯಾರಾದರೂ ಇದ್ದೀರಾ?

ಮೇಜಿನ ಮೇಲೆ ಮೂರು ಹಳೆಯ ಲ್ಯಾಪ್‌ಟಾಪ್, ನಡುವೆ ಐದು ಪೋರ್ಟಿನ ಸಣ್ಣ ಸ್ವಿಚ್. ಏನು ಕೆಟ್ಟರೂ ಮೇಜಿನಾಚೆ ಹೋಗಬಾರದೆಂದು ಇಂಟರ್ನೆಟ್ ಸಂಪರ್ಕ ಕೊಟ್ಟಿರಲಿಲ್ಲ. ಮೂರರಲ್ಲೂ ಲಿನಕ್ಸ್. ಮೊದಲನೆಯದಕ್ಕೆ 192.168.1.20 ಎಂಬ ಐಪಿ ವಿಳಾಸ ಕೊಟ್ಟು, ಮೂರನೆಯದರಿಂದ ಅದಕ್ಕೊಂದು ದೊಡ್ಡ ಫೈಲ್ ಕಳಿಸತೊಡಗಿದೆ. ಪಕ್ಕದ ಕಿಟಕಿಯಲ್ಲಿ ಅದೇ ವಿಳಾಸಕ್ಕೆ ‘ಇದ್ದೀಯಾ?’ ಎಂದು ಕೇಳುತ್ತಲೇ ಇರುವ ಪಿಂಗ್ ಓಡುತ್ತಿತ್ತು. ಫೈಲ್ ಸಾಗುತ್ತಿರುವಾಗಲೇ ಎರಡನೆಯ ಯಂತ್ರಕ್ಕೂ ಬೇಕೆಂದೇ ಅದೇ ವಿಳಾಸ ಕೊಟ್ಟೆ. ಏನೂ ಆಗಲಿಲ್ಲ. ಆಮೇಲೆ ಎರಡನೆಯದರಿಂದ ಮೂರನೆಯದಕ್ಕೆ ಒಂದೇ ಒಂದು ಪಿಂಗ್ ಕಳಿಸಿದೆ. ಫೈಲ್ ಅರ್ಧದಲ್ಲೇ ನಿಂತುಹೋಯಿತು. ಪಿಂಗ್ ಮಾತ್ರ ಏನೂ ನಡೆದಿಲ್ಲವೆಂಬಂತೆ ಉತ್ತರ ಪಡೆಯುತ್ತಲೇ ಇತ್ತು.

ಒಂದೇ ವಿಳಾಸ ಎರಡು ಕಡೆ ಇದ್ದಾಗ ಕೆಡದ ಕೆಲಸ, ಎರಡನೆಯದು ಬಾಯಿ ತೆರೆದಾಗ ಕೆಟ್ಟಿತು. ಏಕೆ? ಉತ್ತರ ಹುಡುಕಲು ನಾನು ನಾಲ್ಕೈದು ದಶಕ ಹಿಂದಕ್ಕೆ ಹೋಗಬೇಕಾಯಿತು.

1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್ಟಿನ ಕಲ್ಪನೆಯನ್ನು ಬರೆದಿಟ್ಟರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿದರು. ಆ ಮೊದಲ ಜಾಲದಲ್ಲಿ ಯಂತ್ರದ ವಿಳಾಸಕ್ಕೆ 8 ಬಿಟ್, ಅಂದರೆ ಬರೀ 256 ಸಂಖ್ಯೆಗಳು. ಒಂದು ಕೇಬಲ್ಲಿನಲ್ಲಿ ಅಷ್ಟು ಸಾಕು. ಆದರೆ ಯಂತ್ರವನ್ನು ಬೇರೆ ಕೇಬಲ್ಲಿಗೆ ಒಯ್ದರೆ ಅಲ್ಲಿ ಅದೇ ಸಂಖ್ಯೆಯದು ಮೊದಲೇ ಇದ್ದೀತು. 1980ರಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಕಂಪನಿಗಳು ಸೇರಿ ಹೊರತಂದ ಈಥರ್ನೆಟ್ ಮಾನಕ ವಿಳಾಸವನ್ನು 48 ಬಿಟ್ಟಿಗೆ ಹಿಗ್ಗಿಸಿತು. ಮರುವರ್ಷ ಯೋಗೇನ್ ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್ ಅದರ ಹಿಂದಿನ ವಿಚಾರವನ್ನು ಪ್ರಬಂಧವಾಗಿ ಮಂಡಿಸಿದರು. ಮುಂಬೈ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ದಲಾಲ್ ಅವರ ವಾದ ಸರಳ: ಸಂಖ್ಯೆ ಕೇಬಲ್ಲಿಗೆ ಸೇರಿದ್ದಲ್ಲ, ಯಂತ್ರಕ್ಕೆ ಸೇರಿದ್ದು. ಲೋಕದಲ್ಲಿ ಒಂದೇ ಇರುವ ಸಂಖ್ಯೆಯನ್ನು ಹುಟ್ಟುವಾಗಲೇ ಕೊಟ್ಟರೆ ಯಂತ್ರ ಎಲ್ಲಿಗೆ ಹೋದರೂ ತೊಡಕಿಲ್ಲ. 48 ಬಿಟ್ ಎಂದರೆ ಸುಮಾರು 281 ಲಕ್ಷ ಕೋಟಿ ಸಂಖ್ಯೆಗಳು. ಮೊದಲ 24 ಬಿಟ್ ತಯಾರಕರ ಗುರುತು, ಉಳಿದ 24 ತಯಾರಕರೇ ಹಂಚಿಕೊಳ್ಳುವಂಥವು. ಇದೇ ನಾವಿಂದು ಮ್ಯಾಕ್ ವಿಳಾಸ ಎನ್ನುವುದು.

192.168.1.20ರಂಥ ಐಪಿ ವಿಳಾಸಕ್ಕೆ ಇರುವುದು 32 ಬಿಟ್. 48 ಅದರೊಳಗೆ ಹಿಡಿಸದು. ಯಾವ ಐಪಿಗೆ ಯಾವ ಮ್ಯಾಕ್ ಎಂದು ತಿಳಿಯುವ ದಾರಿಯನ್ನು 1982ರ ನವೆಂಬರಿನಲ್ಲಿ ಡೇವಿಡ್ ಪ್ಲಮರ್ ಆರ್‌ಎಫ್‌ಸಿ 826 ಎಂಬ ಇಂಟರ್ನೆಟ್ ಮಾನಕ ದಾಖಲೆಯಲ್ಲಿ ಬರೆದರು. ಅದೇ ಎಆರ್‌ಪಿ. ‘ಈ ಐಪಿ ಯಾರದು?’ ಎಂದು ಜಾಲದ ತುಂಬ ಕೂಗಬೇಕು. ಉಳ್ಳವರು ತಮ್ಮ ಮ್ಯಾಕ್ ಹೇಳಬೇಕು. ಉತ್ತರ ಕೊಡುವವರು ಕೂಗಿದವರ ವಿಳಾಸವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಹಳೆಯ ಬರಹ ಇದ್ದರೆ ಹೊಸದು ಅದರ ಮೇಲೆ ಕೂರುತ್ತದೆ. ಯಂತ್ರದ ನೆಟ್‌ವರ್ಕ್ ಕಾರ್ಡ್ ಬದಲಾದರೆ ಉಳಿದವರಿಗೆ ತಾನಾಗಿ ತಿಳಿಯಲೆಂಬ ಒಳ್ಳೆಯ ಉದ್ದೇಶ ಅದು. ನನ್ನ ಫೈಲನ್ನು ತಡೆದದ್ದೂ ಅದೇ. ಎರಡನೆಯ ಯಂತ್ರ ಪಿಂಗ್ ಮಾಡುವ ಮುನ್ನ ಎಆರ್‌ಪಿ ಕೂಗು ಹಾಕಿತು. ಮೂರನೆಯದು ತನ್ನ ಪಟ್ಟಿ ತಿದ್ದಿಕೊಂಡು ಫೈಲಿನ ತುಣುಕುಗಳನ್ನು ಅದರತ್ತ ತಿರುಗಿಸಿತು. ಎಂದೂ ಶುರುಮಾಡದ ಸಂಪರ್ಕದ ತುಣುಕು ಕೈಗೆ ಬಂದಾಗ ಎರಡನೆಯದು ನಿರಾಕರಿಸಿತು. ಪಿಂಗಿಗೆ ಹಿಂದಿನ ನೆನಪು ಬೇಡ. ಯಾರು ಉತ್ತರಿಸಿದರೂ ನಡೆಯುತ್ತದೆ.

ಇನ್ನು ಮ್ಯಾಕ್ ಸರದಿ. ಐಪಿ ಬೇರೆ ಬೇರೆ ಇಟ್ಟು ಮೊದಲ ಎರಡು ಯಂತ್ರಗಳಿಗೂ ಒಂದೇ ಮ್ಯಾಕ್ ಕೊಟ್ಟೆ. ಸ್ವಿಚ್ ತೆಗೆದು ಅದರ ಜಾಗದಲ್ಲಿ ಹಳೆಯ ಹಬ್ ಇಟ್ಟಾಗ ಎರಡೂ ಸಲೀಸಾಗಿ ಕೆಲಸ ಮಾಡಿದವು. ಹಬ್ ಎಲ್ಲರಿಗೂ ಎಲ್ಲವನ್ನೂ ಕಳಿಸುತ್ತದೆ. ಐಪಿ ತನ್ನದಲ್ಲದ್ದನ್ನು ಪ್ರತಿ ಯಂತ್ರವೂ ಸುಮ್ಮನೆ ಬಿಟ್ಟುಬಿಡುತ್ತದೆ. ಸ್ವಿಚ್ಚಿಗೆ ಬದಲಿಸಿದಾಗ ಒಂದೊಂದೇ ಆದರೆ ಸರಿ, ಎರಡೂ ಒಟ್ಟಿಗೆ ಫೈಲ್ ಎಳೆದರೆ ಫೈಲಿನ ತುಣುಕುಗಳು ಕಳೆದುಹೋದವು. ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿ ಕೊನೆಗೆ ಮಾತಾಡಿತೋ ಅಲ್ಲಿಗೇ ಸ್ವಿಚ್ ಕಳಿಸುತ್ತದೆ; ಅದರ ಪಟ್ಟಿ ಎರಡು ಪೋರ್ಟುಗಳ ನಡುವೆ ಹೊಯ್ದಾಡುತ್ತಿತ್ತು. ಒಂದೇ ಮ್ಯಾಕ್ ಹೊತ್ತ ಆ ಎರಡು ಯಂತ್ರಗಳಿಗೆ ಆ ಸ್ವಿಚ್ಚಿನ ಮೂಲಕ ಪರಸ್ಪರ ಮಾತಾಡಲೂ ಆಗಲಿಲ್ಲ.

ಎಆರ್‌ಪಿಯಲ್ಲೂ ಸ್ವಿಚ್ಚಿನಲ್ಲೂ ಇರುವುದು ಒಂದೇ ನಂಬಿಕೆ: ಕೊನೆಗೆ ಕೇಳಿಸಿದ್ದೇ ನಿಜ. ಆ ನಂಬಿಕೆಯನ್ನು ಕೆಡಿಸದೆ ಘರ್ಷಣೆ ತಪ್ಪಿಸುವ ಉಪಾಯವನ್ನು ಆಪಲ್‌ನ ಸ್ಟುವರ್ಟ್ ಚೆಶೈರ್ 2008ರ ಜುಲೈಯಲ್ಲಿ ಆರ್‌ಎಫ್‌ಸಿ 5227ರಲ್ಲಿ ಕ್ರಮಬದ್ಧವಾಗಿ ಬರೆದರು. ವಿಳಾಸ ಹಿಡಿಯುವ ಮುನ್ನ ಮೂರು ಸಲ ಕೇಳಬೇಕು. ಕೇಳುವಾಗ ತನ್ನ ಐಪಿಯ ಜಾಗದಲ್ಲಿ ಸೊನ್ನೆ ಬರೆಯಬೇಕು. ಆ ಸೊನ್ನೆಯಲ್ಲೇ ಇರುವುದು ಜಾಣ್ಮೆ: ಹಕ್ಕು ಸಾಧಿಸದೆ ಕೇಳಿದ್ದರಿಂದ ಯಾರ ಪಟ್ಟಿಯೂ ತಿದ್ದಿಹೋಗುವುದಿಲ್ಲ.

ಕೊನೆಯ ಪ್ರಯೋಗಕ್ಕೆ ಎಲ್ಲವನ್ನೂ ಮೊದಲಿನಂತೆ ಮಾಡಿ ಫೈಲ್ ಮತ್ತೆ ಹಚ್ಚಿದೆ. ಎರಡನೆಯ ಯಂತ್ರದಿಂದ, ವಿಳಾಸ ತೆಗೆದುಕೊಳ್ಳದೆ, ಆರ್ಪಿಂಗ್ ಎಂಬ ಸಾಧನದಲ್ಲಿ ಸೊನ್ನೆ ಹೊತ್ತ ಆ ಪ್ರಶ್ನೆ ಕಳಿಸಿದೆ: 192.168.1.20ರಲ್ಲಿ ಯಾರಾದರೂ ಇದ್ದೀರಾ? ಮೊದಲ ಯಂತ್ರ ತನ್ನ ಮ್ಯಾಕ್ ಹೇಳಿ ‘ಇದ್ದೇನೆ’ ಎಂದಿತು. ಮೂರನೆಯದರ ಪಟ್ಟಿ ತೆರೆದು ನೋಡಿದೆ, ಒಂದಕ್ಷರವೂ ಬದಲಾಗಿರಲಿಲ್ಲ. ಫೈಲ್ ಈ ಸಲ ಪೂರ್ತಿ ತಲುಪಿತು.