ಕನ್ನಡ ಬಾರದ ಕಾಗದದ ಪರದೆ

ಹಾಸನ ಜಿಲ್ಲೆಯ ಹೊಳೆನರಸೀಪುರದ ಮೇಷ್ಟರೊಬ್ಬರು ಕಥೆ ಬರೆಯಲಿ, ಅರಕಲಗೂಡಿನ ತಾಲ್ಲೂಕು ವರದಿಗಾರರು ಸುದ್ದಿ ಬರೆಯಲಿ, ಬರೆಯುವ ಸಾಧನವೇ ಈಗ ಬರವಣಿಗೆಯ ಶತ್ರು. ಅದೇ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಗುಂಪು, ಬ್ಯಾಂಕಿನ ಮೆಸೇಜು, ರೀಲ್ಸ್ ಎಲ್ಲವೂ ಕಾದು ಕೂತಿರುತ್ತವೆ. ಇದಕ್ಕೆ ಮದ್ದೆಂದು ಹೆಸರಾಗುತ್ತಿರುವುದು ಇ-ಪೇಪರ್ ಟ್ಯಾಬ್ ಮತ್ತು ಅದಕ್ಕೆ ಜೋಡಿಸುವ ಕೀಬೋರ್ಡ್ ಕವರ್. ಮದ್ದು ಒಳ್ಳೆಯದೇ. ಆದರೆ ಕನ್ನಡದಲ್ಲಿ ಬರೆಯುವವರು ಅದಕ್ಕೆ ದುಡ್ಡು ಸುರಿಯುವ ಕಾಲ ಇನ್ನೂ ಬಂದಿಲ್ಲ.

ಇ-ಪೇಪರ್ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ವಿರುದ್ಧ ವಿದ್ಯುದಂಶದ ಕಪ್ಪು, ಬಿಳಿ ಕಣಗಳು. ವಿದ್ಯುತ್ತಿನ ದಿಕ್ಕು ಬದಲಿಸಿದಂತೆ ಒಂದು ಬಣ್ಣದ ಕಣ ಮೇಲೆ ಬಂದು ಇನ್ನೊಂದು ಕೆಳಗಿಳಿಯುತ್ತದೆ. ಹೀಗೆ ಒಮ್ಮೆ ಮೂಡಿದ ಅಕ್ಷರ ಹಾಗೇ ನಿಲ್ಲಲು ವಿದ್ಯುತ್ ಬೇಕಿಲ್ಲ. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ. ಕರೆಂಟ್ ಕೈಕೊಡುವ ಊರುಗಳಲ್ಲಿ ಇದು ಸಣ್ಣ ಅನುಕೂಲವೇನಲ್ಲ. ಆದರೆ ಕಣಗಳು ಸರಿದಾಡಲು ಹೊತ್ತು ಹಿಡಿಯುವುದರಿಂದ ಪರದೆ ನಿಧಾನ, ವಿಡಿಯೊ ನೋಡುವುದು ಶಿಕ್ಷೆ. ಬರೆಯುವವರಿಗೆ ಈ ಕುಂಟುತನವೇ ಲಾಭ. ನಾರ್ವೆಯ ರಿಮಾರ್ಕಬಲ್ ಕಂಪನಿ 2020ರಲ್ಲಿ ತಂದ 10.3 ಇಂಚಿನ ಟ್ಯಾಬ್‌ನಲ್ಲಿ ಬ್ರೌಸರ್ ಇಲ್ಲ, ಆ್ಯಪ್ ಹಾಕಿಕೊಳ್ಳುವ ದಾರಿಯೂ ಇಲ್ಲ. ಅದಕ್ಕೆಂದೇ 2023ರಲ್ಲಿ ಬಂದ ಕೀಬೋರ್ಡ್ ಕವರಿನ ಬೆಲೆ ಆಗ ಅಮೆರಿಕದಲ್ಲಿ 199 ಡಾಲರ್ ಇತ್ತು. ಟ್ಯಾಬ್‌ನ ಬೆಲೆ ಬೇರೆ.

ಫೋನ್ ದೂರವಿದ್ದರೆ ಗಮನ ನಿಲ್ಲುತ್ತದೆಯೇ? ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟವರು ಮೇಜಿನ ಮೇಲಿಟ್ಟುಕೊಂಡವರಿಗಿಂತ ಮನಸ್ಸಿನ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ಮುಂದೆ ಬೇರೆಯವರು ನಡೆಸಿದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೂ ವಾಟ್ಸ್‌ಆ್ಯಪ್ಪೇ ಇಲ್ಲದ ಸಾಧನದಲ್ಲಿ ವಾಟ್ಸ್‌ಆ್ಯಪ್ ನೋಡಲಾಗದು ಎನ್ನುವುದಕ್ಕೆ ಸಂಶೋಧನೆ ಬೇಕಿಲ್ಲ.

ತೊಡಕಿರುವುದು ನಮ್ಮ ಲಿಪಿಯ ಕಡೆಯಿಂದ. ರಿಮಾರ್ಕಬಲ್‌ನ ಕೀಬೋರ್ಡಿನಲ್ಲಿ ಕನ್ನಡ ಬರುವುದಿಲ್ಲ. ಪೆನ್ನಿನಿಂದ ಕನ್ನಡ ಗೀಚಬಹುದು, ಆದರೆ ಅದು ಚಿತ್ರವಾಗಿಯೇ ಉಳಿಯುತ್ತದೆ, ಸಂಪಾದಕರಿಗೆ ಕಳಿಸಬಲ್ಲ ಪಠ್ಯವಾಗುವುದಿಲ್ಲ. ಆಂಡ್ರಾಯ್ಡ್ ಇರುವ ಬೂಕ್ಸ್‌ನಂಥ ಇ-ಪೇಪರ್ ಟ್ಯಾಬ್‌ಗಳಲ್ಲಿ ಕನ್ನಡ ಸಿಗುತ್ತದೆ, ನಿಜ. ಆದರೆ ಅಲ್ಲಿ ಆ್ಯಪ್ ಅಂಗಡಿಯೂ ಜೊತೆಗೇ ಬರುತ್ತದೆ, ಅದರ ಹಿಂದೆಯೇ ನಾವು ಓಡಿಬಂದ ಗದ್ದಲವೂ. ಗಮನ ಕಾಯುವ ಯಂತ್ರಕ್ಕೆ ಕನ್ನಡ ಬಾರದು, ಕನ್ನಡ ಬರುವ ಯಂತ್ರ ಗಮನ ಕಾಯದು. ಕನ್ನಡ ಬಂದರೂ ಇನ್ನೊಂದು ಕಿರಿಕಿರಿಯಿದೆ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಯಾಗುವ ಕೀಬೋರ್ಡ್ ವಿನ್ಯಾಸದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಕೀಲಿ ಒತ್ತಬೇಕು. ಒತ್ತಿದಂತೆಲ್ಲ ಪರದೆಯ ಮೇಲೆ ಸ, ಸ್, ಸ್ತ, ಸ್ತ್, ಸ್ತ್ರ, ಸ್ತ್ರೀ ಎಂದು ಆಕಾರ ಬದಲಾಗುತ್ತ ಹೋಗುತ್ತದೆ. ಇಂಗ್ಲಿಷಿನಲ್ಲಿ ಹೊಸ ಅಕ್ಷರ ಪಕ್ಕದಲ್ಲಿ ಬಂದು ಕೂರುತ್ತದೆ. ನಮ್ಮಲ್ಲಿ ಬರೆದದ್ದನ್ನೇ ಅಳಿಸಿ ಮತ್ತೆ ಬರೆಯಬೇಕು. ನಿಧಾನದ ಪರದೆಯಲ್ಲಿ ಒತ್ತಕ್ಷರ ಬಂದಾಗಲೆಲ್ಲ ಆ ತಡವರಿಕೆ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಪೆನ್ನು ಸಾಲದೇ ಎನ್ನುವವರಿದ್ದಾರೆ. ಅರಕಲಗೂಡನ್ನು ಹೆಸರಲ್ಲೇ ಹೊತ್ತಿದ್ದ ಅನಕೃ ಕಂಪ್ಯೂಟರ್ ಕಾಣದ ಕಾಲದಲ್ಲಿ ನೂರಕ್ಕೂ ಹೆಚ್ಚು ಕಾದಂಬರಿ ಕೊಟ್ಟರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರ ‘ಪರ್ವ’ 1979ರದು. ಮಾತು ಸರಿ, ಆದರೆ ಅರ್ಧ ಮಾತ್ರ. ಆಗ ಹಸ್ತಪ್ರತಿ ಇಟ್ಟುಕೊಂಡು ಒಂದೊಂದೇ ಅಚ್ಚುಮೊಳೆ ಜೋಡಿಸುವ ಕೆಲಸಗಾರರು ಮುದ್ರಣಾಲಯದಲ್ಲಿದ್ದರು. ಅವರ ಕೆಲಸ ಈಗ ಬರಹಗಾರರ ಹೆಗಲಿಗೆ ಬಿದ್ದಿದೆ. ಲೇಖನವನ್ನು ಟೈಪ್ ಮಾಡಿ ಇಮೇಲ್ ಮಾಡಿ ಎನ್ನುತ್ತವೆ ಪತ್ರಿಕೆಗಳು. ಹೀಗಾಗಿ ಪೆನ್ನಿನಲ್ಲಿ ಬರೆದವರಿಗೆ ಎರಡನೇ ಸಲದ ದುಡಿಮೆ ತಪ್ಪದು, ಇಲ್ಲವೇ ಡಿಟಿಪಿಯವರಿಗೆ ಪುಟಕ್ಕಿಷ್ಟೆಂದು ಕೊಡಬೇಕು. ಕೀಬೋರ್ಡ್ ನಮಗೆ ಶೋಕಿಯಲ್ಲ.

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯೆಂದವರು ಸುಮಾರು 4.37 ಕೋಟಿ. ಇಷ್ಟಿದ್ದೂ ಕನ್ನಡ ಹಾಕದಿರುವುದು ತಯಾರಕರ ಅಸಡ್ಡೆಯೇ ಹೊರತು ತಂತ್ರಜ್ಞಾನದ ಮಿತಿಯಲ್ಲ. ಕೊಳ್ಳುವವರು ಕೇಳಿ ಬರೆದರೇ ಅದು ಬದಲಾಗುವುದು. ಅಲ್ಲಿಯವರೆಗೆ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪಿಗೆ ‘ನುಡಿ’ ಹಾಕಿ, ವೈಫೈ ಆರಿಸಿ, ಫೋನನ್ನು ಆಚೆ ಕೋಣೆಯಲ್ಲಿಟ್ಟು ಕೂರುವುದೇ ಜಾಣತನ. ಕಣ್ಣಿಗೆ ಇ-ಪೇಪರಿನಷ್ಟು ಹಿತವಲ್ಲ, ಒಪ್ಪೋಣ. ಆದರೆ ಕೆಟ್ಟರೆ ಹಾಸನದಲ್ಲೇ ರಿಪೇರಿಯಾಗುತ್ತದೆ. ಇ-ಪೇಪರೇ ಬೇಕೆಂದರೆ, ಹಣ ಕೊಡುವ ಮುನ್ನ ಆ ಕವರಿನ ಕೀಲಿಗಳಿಂದಲೇ ‘ಸ್ತ್ರೀ’, ‘ರಾಷ್ಟ್ರ’ ಎಂದು ಹೊಡೆದು ನೋಡಿ. ಗಾಜಿನ ಮೇಲೆ ಬೆರಳಾಡಿಸಿದಾಗ ಕನ್ನಡ ಬಂದ ಮಾತ್ರಕ್ಕೆ ಕೀಬೋರ್ಡಿನಲ್ಲೂ ಬರುತ್ತದೆಂದು ನಂಬಬೇಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸು ಮಾಡುವ ನಿಯಮವನ್ನು ಮೊದಲೇ ಓದಿಕೊಳ್ಳಿ.