ಮೇಲೇರದ ರೈಸ್‌ಬಾಲ್

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಹಾಸನದ ಕಡೆಯವರು, ಚಿಕ್ಕಂದಿನಿಂದ ಕ್ರಿಕೆಟ್ ಹುಚ್ಚು. ಹನ್ನೆರಡು ವರ್ಷದ ಮಗಳು ಮಾತ್ರ ಅಪ್ಪನ ಆಟ ಬಿಟ್ಟು ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಹಿಡಿದಿದ್ದಾಳೆ. ತಂಡದ ಪಿಚರ್ ಅವಳೇ. "ಅವಳಿಗೆ ಆರು ಥರದ ಎಸೆತ ಬರುತ್ತೆ ಸಾರ್. ಫಾಸ್ಟ್‌ಬಾಲ್, ಚೇಂಜಪ್, ಡ್ರಾಪ್, ಕರ್ವ್, ಸ್ಕ್ರೂ, ರೈಸ್. ಆದ್ರೂ ಚೆನ್ನಾಗಿ ಹೊಡೆಸಿಕೊಳ್ತಾಳೆ. ಯಾವಾಗ ಯಾವುದು ಎಸೀಬೇಕು ಅನ್ನೋದಕ್ಕೆ ವಿಜ್ಞಾನ ಏನಾದ್ರೂ ಹೇಳುತ್ತಾ?"

ಹೇಳುತ್ತದೆ. ಆದರೆ ಮೊದಲು ಹೇಳುವುದು ಅಪ್ಪನಿಗೆ ಹಿಡಿಸಲಿಕ್ಕಿಲ್ಲ: ಆ ಆರರಲ್ಲಿ ಮೂರು ಬಹುಶಃ ಒಂದೇ ಎಸೆತ, ಹೆಸರು ಮಾತ್ರ ಮೂರು.

ಆಟದ ನಿಯಮಗಳಿಗೆ ಇಲ್ಲಿ ಜಾಗವಿಲ್ಲ. ಬೇಸ್‌ಬಾಲಿನ ತಂಗಿ ಅಂದುಕೊಳ್ಳಿ. ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ಬೀಸಿ, ಸೊಂಟದ ಪಕ್ಕದಿಂದ ಅಂಡರ್‌ಆರ್ಮ್ ಆಗಿ ಚೆಂಡು ಬಿಡುತ್ತಾರೆ. ಚೆಂಡಿನ ಸುತ್ತಳತೆ 12 ಇಂಚು, ತೂಕ 190 ಗ್ರಾಂ ಆಸುಪಾಸು. ಹನ್ನೆರಡರೊಳಗಿನ ಹುಡುಗಿಯರಿಗೆ ಪಿಚರ್‌ನಿಂದ ಬ್ಯಾಟರ್ ನಿಲ್ಲುವ ಹೋಮ್‌ಪ್ಲೇಟಿಗೆ 40 ಅಡಿ, ದೊಡ್ಡವರಿಗೆ 43. 1887ರಲ್ಲಿ ಶಿಕಾಗೊದ ದೋಣಿ ಕ್ಲಬ್ಬೊಂದರಲ್ಲಿ ಬಾಕ್ಸಿಂಗ್ ಗ್ಲೌಸನ್ನು ದಾರದಲ್ಲಿ ಬಿಗಿದು, ಪೊರಕೆ ಕೋಲಿನಿಂದ ಬಡಿದು ಶುರು ಮಾಡಿದ ಆಟ ಇದು. ಗ್ಲೌಸಿನಿಂದ ಹುಟ್ಟಿದ್ದಕ್ಕೇ ಇರಬೇಕು, ಚೆಂಡು ಇವತ್ತಿಗೂ ಮಕ್ಕಳ ಕೈಗೆ ದೊಡ್ಡದು.

ಈಗ ರೈಸ್‌ಬಾಲ್. ಸಾಫ್ಟ್‌ಬಾಲಿನಲ್ಲಿ ಇದಕ್ಕಿರುವಷ್ಟು ಭಕ್ತರು ಬೇರೆ ಯಾವ ಎಸೆತಕ್ಕೂ ಇಲ್ಲ. ಬ್ಯಾಟಿನ ಹತ್ತಿರ ಬಂದ ಚೆಂಡು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುತ್ತದೆ ಎಂದು ಆಣೆ ಮಾಡಿ ಹೇಳುವವರಿದ್ದಾರೆ. ಹಿಮ್ಮುಖವಾಗಿ ತಿರುಗುವ ಚೆಂಡನ್ನು ಗಾಳಿ ಮೇಲಕ್ಕೆ ಎತ್ತುತ್ತದೆ ಎನ್ನುವುದು ನಿಜ. 1852ರಲ್ಲಿ ಜರ್ಮನಿಯ ಗುಸ್ತಾವ್ ಮ್ಯಾಗ್ನಸ್ ಅದನ್ನು ವಿವರಿಸಿದ್ದರಿಂದ ಆ ಬಲಕ್ಕೆ ಅವರದೇ ಹೆಸರು. ಪ್ರಶ್ನೆ ಇರುವುದು ಎಷ್ಟು ಎತ್ತುತ್ತದೆ ಎನ್ನುವುದರಲ್ಲಿ. ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ಗಂಟೆಗೆ 105 ಕಿ.ಮೀ. ವೇಗದಲ್ಲಿ, ಅಪ್ಪಟ ಹಿಮ್ಮುಖ ತಿರುಗಿನಲ್ಲಿ ಎಸೆಯುವ ಪಳಗಿದ ಆಟಗಾರ್ತಿಯ ಚೆಂಡಿಗೂ ಸಿಗುವ ಎತ್ತುಬಲ ಅದರ ತೂಕದ ಅರ್ಧದಷ್ಟು. ಗಂಟೆಗೆ 80 ಕಿ.ಮೀ.ನಲ್ಲಿ ಎಸೆಯುವ ಹನ್ನೆರಡರ ಹುಡುಗಿಯದಕ್ಕೆ ಕಾಲುಭಾಗ. ತೂಕವನ್ನು ಮೀರದೆ ಚೆಂಡು ಮೇಲಕ್ಕೆ ಬಾಗುವುದಿಲ್ಲ. ಇಳಿಯುವುದು ಒಂದಿಷ್ಟು ಕಮ್ಮಿಯಾಗುತ್ತದೆ, ಅಷ್ಟೇ.

ಹಾಗಾದರೆ ಹಾರಿದ್ದು ಕಂಡಿತಲ್ಲ? ಕಂಡಿದ್ದು ಕಣ್ಣಿನ ಕೊರತೆ. ಅಮೆರಿಕದ ಸಂಶೋಧಕ ಟೆರಿ ಬಾಹಿಲ್ ಮತ್ತು ಸಂಗಡಿಗರು 1984ರಲ್ಲೇ ಪ್ರಕಟಿಸಿದ್ದಾರೆ: ಚೆಂಡು ಪ್ಲೇಟಿನ ಹತ್ತಿರ ಬಂದಾಗ ಅದರ ವೇಗಕ್ಕೆ ಸಮನಾಗಿ ಕಣ್ಣು ಹೊರಳಲಾರದು, ಕೊನೆಯ ಐದಾರು ಅಡಿ ಪಳಗಿದ ಬ್ಯಾಟರ್‌ಗೂ ಸರಿಯಾಗಿ ಸಿಗುವುದಿಲ್ಲ. ಆ ತುಂಡನ್ನು ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಇಷ್ಟು ಇಳಿದಿರಬೇಕು ಅಂದುಕೊಂಡ ಚೆಂಡು ಅಷ್ಟು ಇಳಿಯದಿದ್ದರೆ "ಹಾರಿತು" ಅನ್ನಿಸುತ್ತದೆ. 2004ರ ಪ್ರದರ್ಶನ ಪಂದ್ಯದಲ್ಲಿ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್ ಎದುರು ಬೇಸ್‌ಬಾಲಿನ ದಿಗ್ಗಜ ಆಲ್ಬರ್ಟ್ ಪೂಹೋಲ್ಸ್ ಔಟಾದದ್ದೂ ಇದೇ ಲೆಕ್ಕದಲ್ಲಿ ಎಂದು ನನ್ನ ಅಂದಾಜು. ತಲೆಯೆತ್ತರದಿಂದ ಇಳಿದು ಬರುವ ಚೆಂಡಿಗೆ ವರ್ಷಗಟ್ಟಲೆ ಪಳಗಿದ ಊಹೆ, ಸೊಂಟದ ಮಟ್ಟದಿಂದ ಬಂದದ್ದಕ್ಕೆ ತಲೆಕೆಳಗಾಯಿತು.

ಇಷ್ಟೂ ಚೆಂಡು ಸರಿಯಾಗಿ ತಿರುಗಿದರೆ. ನನಗೆ ನಿಜಕ್ಕೂ ಖುಷಿ ಕೊಟ್ಟ ಸಂಗತಿ ಮುಂದಿದೆ. ಎರಡು ಬೇಸಿಗೆಯ ಹಿಂದೆ ನ್ಯೂಜೆರ್ಸಿಯ ತಮ್ಮನ ಮನೆಗೆ ಹೋದಾಗ, ಪಕ್ಕದ ಮೈದಾನದಲ್ಲಿ ಹುಡುಗಿಯರ ಅಭ್ಯಾಸ ನೋಡುತ್ತ ಬೇಲಿಗೆ ಆತುಕೊಂಡು ಕೂರುತ್ತಿದ್ದೆ. ಒಂದು ದಿನ ಕೋಚನ್ನು ಕೇಳಿ, ಚೆಂಡಿನ ನಡುವಿಗೆ ಸುತ್ತಲೂ ಕಪ್ಪು ಟೇಪ್ ಅಂಟಿಸಿದೆ. ಮೊಬೈಲಿನ ಸ್ಲೋಮೋಷನ್‌ನಲ್ಲಿ ಪಿಚರ್ ಹಿಂದಿನಿಂದ ಚಿತ್ರಿಸಿದೆ. "ರೈಸ್" ಎಂದು ಕೂಗಿ ಎಸೆದ ಚೆಂಡು ಹಿಮ್ಮುಖವಾಗಿ ತಿರುಗುತ್ತಲೇ ಇರಲಿಲ್ಲ! ಬಡಗಿಯ ಬೈರಿಗೆ ಮರದೊಳಕ್ಕೆ ಇಳಿಯುವ ಹಾಗೆ, ಹೋಗುವ ದಿಕ್ಕನ್ನೇ ಅಚ್ಚು ಮಾಡಿಕೊಂಡು ತಿರುಗುತ್ತಿತ್ತು. ಇನ್ನೊಬ್ಬಳ "ಕರ್ವ್" ನೋಡಿದರೆ ಅದೂ ಬೈರಿಗೆ. ಮೂರನೆಯವಳ "ಸ್ಕ್ರೂ" ಕೂಡ.

ಬೈರಿಗೆ ತಿರುಗಿನ ಚೆಂಡಿಗೆ ಮ್ಯಾಗ್ನಸ್ ಬಲ ಇಲ್ಲವೆನ್ನುವಷ್ಟು ಕಡಿಮೆ. ಗಾಡಿಚಕ್ರದ ಹಾಗೆ ತಿರುಗಿದರೆ ಚೆಂಡಿನ ಒಂದು ಬದಿ ಗಾಳಿಯ ಜೊತೆ, ಇನ್ನೊಂದು ಬದಿ ಗಾಳಿಗೆ ಎದುರು, ಹೀಗೆ ಎರಡು ಕಡೆ ಬೇರೆ ಬೇರೆ ವ್ಯವಹಾರ ನಡೆದು ಚೆಂಡು ಒಂದು ಕಡೆಗೆ ವಾಲುತ್ತದೆ. ಬೈರಿಗೆಯಲ್ಲಿ ಎಲ್ಲ ಕಡೆಯೂ ಗಾಳಿಗೆ ಸಮಾನ. ಎಷ್ಟು ಜೋರಾಗಿ ತಿರುಗಿದರೂ ಚೆಂಡು ಬಂದೂಕಿನ ಗುಂಡಿನಂತೆ ಹೋಗುತ್ತದೆ, ಗುರುತ್ವ ಎಳೆದಷ್ಟು ಇಳಿಯುತ್ತದೆ. ತಪ್ಪು ಹುಡುಗಿಯರದಲ್ಲ. ಸೊಂಟದ ಪಕ್ಕ ಚೆಂಡು ಬಿಡುವಾಗ ಬಾಗಿಲ ಹಿಡಿ ತಿರುಗಿಸಿದಂತೆ ಮಣಿಕಟ್ಟು ಹೊರಳುವುದು ಸಹಜ. ಬೆರಳನ್ನು ಚೆಂಡಿನ ಅಡಿಗೆ ತೂರಿಸಿ ಹಿಮ್ಮುಖವಾಗಿ ಕೊಯ್ಯುವುದು ಪುಟ್ಟ ಕೈಗೆ ಬಲು ಕಷ್ಟ.

ಲೆಕ್ಕ ಇನ್ನೊಂದು ಹೇಳುತ್ತದೆ. ಗಂಟೆಗೆ 80 ಕಿ.ಮೀ.ನಲ್ಲಿ ಎದೆಮಟ್ಟಕ್ಕೆ ತಲುಪುವಂತೆ ಎಸೆದ ಇಂಥ ಚೆಂಡು, ಬ್ಯಾಟಿನ ಬಳಿ ಬರುವ ಹೊತ್ತಿಗೆ ಶಿಖರ ದಾಟಿ ಇಳಿಯತೊಡಗಿರುತ್ತದೆ. ಹೆಸರು ರೈಸ್, ಕೆಲಸ ಇಳಿಯುವುದು. ಎದೆಯ ಮಟ್ಟದಲ್ಲಿ ಮೆಲ್ಲಗೆ ಇಳಿಯುವ ಚೆಂಡಿಗಿಂತ ಒಳ್ಳೆಯ ಉಡುಗೊರೆ ಬ್ಯಾಟರ್‌ಗೆ ಬೇರೆ ಬೇಕೆ?

ಹಾಗಾಗಿ ಫ್ರೀಮಾಂಟಿನ ಅಪ್ಪನಿಗೆ ನನ್ನ ಸಲಹೆ: ಗುರುತ್ವದ ಜೊತೆ ಜಗಳ ಬೇಡ, ಅದನ್ನು ತಂಡಕ್ಕೆ ಸೇರಿಸಿಕೊಳ್ಳಿ. ಡ್ರಾಪ್ ಎಸೆಯುವಾಗ ಚೆಂಡು ಬೆರಳ ತುದಿಯಿಂದ ಉರುಳಿ ಹೊರಡುವುದರಿಂದ ಮುಮ್ಮುಖ ತಿರುಗು ತಾನಾಗಿ ಬರುತ್ತದೆ, ಗಾಳಿಯೂ ಕೆಳಕ್ಕೆ ಒತ್ತುತ್ತದೆ. ಅದಕ್ಕಿಂತ ದೊಡ್ಡ ಅಸ್ತ್ರ ಚೇಂಜಪ್: ಅದೇ ತೋಳಿನ ರಭಸ, ನಿಧಾನದ ಚೆಂಡು. ನಮ್ಮ ವೆಂಕಟೇಶ್ ಪ್ರಸಾದ್ ನಿಧಾನದ ಲೆಗ್‌ಕಟರ್‌ನಲ್ಲಿ ಮಾಡುತ್ತಿದ್ದುದು ಇದನ್ನೇ. ಗಂಟೆಗೆ 80 ಕಿ.ಮೀ.ನ ಚೆಂಡು ಕೈಬಿಟ್ಟ ಮೇಲೆ ಪ್ಲೇಟಿಗೆ ಬರಲು 0.48 ಸೆಕೆಂಡು, 64 ಕಿ.ಮೀ.ನದಕ್ಕೆ 0.60. ಅಂತರ ಸೆಕೆಂಡಿನ ಎಂಟನೆಯ ಒಂದು ಭಾಗ. ಇಷ್ಟೇನಾ ಅನ್ನಬೇಡಿ. ಫಾಸ್ಟ್‌ಬಾಲ್ ಎಂದುಕೊಂಡು ಬೀಸಿದ ಬ್ಯಾಟು ಪ್ಲೇಟ್ ದಾಟುವಾಗ ಚೇಂಜಪ್ ಇನ್ನೂ ಎರಡು ಮೀಟರ್ ಆಚೆ ಇರುತ್ತದೆ! ಒಂದೇ ಕೋನದಲ್ಲಿ ಬಿಟ್ಟಿದ್ದರೆ, ಹೆಚ್ಚು ಹೊತ್ತು ಗಾಳಿಯಲ್ಲಿದ್ದ ತಪ್ಪಿಗೆ 60 ಸೆಂಟಿಮೀಟರ್ ಹೆಚ್ಚು ಇಳಿದೂ ಇರುತ್ತದೆ. ಯಾವ ತಿರುಗೂ ಬೇಡ, ಗಡಿಯಾರವೇ ಕೆಲಸ ಮುಗಿಸುತ್ತದೆ. ತೋಳನ್ನು ನಿಧಾನ ಮಾಡಿದರೆ ಮಾತ್ರ ಗುಟ್ಟು ರಟ್ಟು.

ಆದರೆ ಎಲ್ಲರಿಗೂ ಚೇಂಜಪ್ ಸಲ್ಲದು. ತಂಡದ ಕೊನೆಯಲ್ಲಿ ಬರುವ, ಬ್ಯಾಟು ನಿಧಾನವಾಗಿ ಬೀಸುವ ಹುಡುಗಿ ಫಾಸ್ಟ್‌ಬಾಲಿಗೆ ಹೇಗೂ ತಡವಾಗುತ್ತಾಳೆ. ಅವಳಿಗೆ ನಿಧಾನದ ಚೆಂಡು ಕೊಟ್ಟರೆ ನೀವೇ ಅವಳ ಬ್ಯಾಟಿನ ವೇಗಕ್ಕೆ ಚೆಂಡನ್ನು ಹೊಂದಿಸಿಕೊಟ್ಟ ಹಾಗೆ. ಬುದ್ಧಿವಂತಿಕೆ ತೋರಿಸಲು ಹೋಗಿ ಎರಡು ರನ್ ಕಳೆದುಕೊಂಡ ಪಿಚರ್‌ನ ಕಣ್ಣೀರನ್ನು ಆ ಬೇಲಿಯ ಪಕ್ಕದಲ್ಲೇ ನೋಡಿದ್ದೇನೆ. ಮೂರನೇ ಬೇಸ್‌ನಲ್ಲಿ ಓಟಗಾರ್ತಿ ಕಾಯುತ್ತಿರುವಾಗ ನೆಲ ಮುಟ್ಟುವ ಡ್ರಾಪ್ ಕೂಡ ಅಪಾಯ: ಕ್ಯಾಚರ್ ಹನ್ನೊಂದು ವರ್ಷದವಳು, ಚೆಂಡು ಅವಳನ್ನು ದಾಟಿ ಹೋದರೆ ರನ್ ಬಂದ ಹಾಗೇ. ಕ್ಯಾಚರ್ ಹಿಡಿಯಲಾರದ ಎಸೆತ ಎಷ್ಟು ಚೆಂದವಿದ್ದರೇನು?

ಈಗ ಎಸೆತ ಆರಿಸುವುದು ಹೆಚ್ಚಾಗಿ ಕೋಚ್. ಬೆಂಚಿನಿಂದ ಮೂರಂಕಿಯ ಸಂಖ್ಯೆ ಕೂಗುತ್ತಾರೆ, ಕ್ಯಾಚರ್ ಮುಂಗೈ ಪಟ್ಟಿಯ ಕೋಷ್ಟಕದಲ್ಲಿ ಹುಡುಕಿ ಸನ್ನೆ ಮಾಡುತ್ತಾಳೆ. ಗೂಢಚಾರರ ವೈಭವವೆಲ್ಲ ಇದೆ, ಆದರೆ ಎರಡು ಸ್ಟ್ರೈಕ್ ಆದ ಕೂಡಲೇ ಚೇಂಜಪ್ ಬರುತ್ತದೆಂದು ಎದುರು ತಂಡದ ಅಮ್ಮಂದಿರಿಗೂ ಗೊತ್ತು. ಅದೇ ಜನ, ಗೆದ್ದ ದಿನದ ಕಾಲುಚೀಲ ಒಗೆದರೆ ಅದೃಷ್ಟ ತೊಳೆದುಹೋಗುತ್ತದೆ ಎಂದು ಮಗುವಿಗೆ ವಾರಗಟ್ಟಲೆ ನಾರುವ ಕಾಲುಚೀಲ ಹಾಕಿಸುತ್ತಾರೆ! ಲಾರಿಗೆ ನಿಂಬೆಹಣ್ಣು ಕಟ್ಟುವವರನ್ನು ನಾವು ಬೈಯುತ್ತೇವೆ.

ಇನ್ನೊಂದು ಮೂಢನಂಬಿಕೆಗೆ ಬೈಗುಳ ಸಾಲದು: ಅಂಡರ್‌ಆರ್ಮ್ ಎಸೆತ ಸಹಜವಾದ್ದರಿಂದ ತೋಳಿಗೆ ನೋವಿಲ್ಲ, ಎಷ್ಟು ಬೇಕಾದರೂ ಎಸೆಯಬಹುದು ಎನ್ನುವುದು. 1996ರ ಒಲಿಂಪಿಕ್ಸ್‌ನ ಪಿಚರ್‌ಗಳನ್ನು ಚಿತ್ರಿಸಿ ಅಳೆದಾಗ, ಭುಜದ ಕೀಲನ್ನು ಹೊರಕ್ಕೆ ಜಗ್ಗುವ ಬಲ ಸರಾಸರಿ ದೇಹತೂಕದ ಶೇಕಡಾ 80ರಷ್ಟಿತ್ತು. ಜಪಾನಿನ ಯುಕಿಕೊ ಉಯೆನೊ 2008ರ ಬೀಜಿಂಗ್‌ನಲ್ಲಿ ಎರಡು ದಿನದಲ್ಲಿ 413 ಚೆಂಡು ಎಸೆದು ಚಿನ್ನ ಗೆದ್ದದ್ದು ಪವಾಡದಂಥ ಸಾಹಸ, ಮಕ್ಕಳ ಅಭ್ಯಾಸಕ್ಕೆ ಮಾದರಿಯಲ್ಲ. ಆರು ಎಸೆತವನ್ನು ತಲಾ ಮೂವತ್ತು ಸಲ ತಿದ್ದಲು ಹೊರಟರೆ ಒಂದೇ ಸಂಜೆಗೆ 180. ಮೂರೇ ಇಟ್ಟುಕೊಂಡರೆ ಭುಜಕ್ಕೂ ಅರ್ಧ ಹೊರೆ.

ಇದನ್ನೆಲ್ಲ ಬರೆದು, ಟೇಪ್ ಅಂಟಿಸಿ ನೋಡಿ ಎಂದು ಫ್ರೀಮಾಂಟಿಗೆ ಕಳಿಸಿದ್ದೆ. ಮೂರು ವಾರದ ಮೇಲೆ ವಿಡಿಯೊ ಬಂತು. ಎಂಟು ರೈಸ್‌ಬಾಲ್‌ಗಳಲ್ಲಿ ಏಳು ಅಪ್ಪಟ ಬೈರಿಗೆ. ಒಂದು ಮಾತ್ರ ಚೆಂದವಾಗಿ ಹಿಮ್ಮುಖ ತಿರುಗಿತ್ತು. ಅದು ಕ್ಯಾಚರ್ ತಲೆಯ ಮೇಲಿಂದ ಹೋಗಿ ಬೇಲಿಗೆ ಬಡಿಯಿತು. ಹಿಂದಿನಿಂದ ಅಪ್ಪನ ದನಿ ಕೇಳಿಸುತ್ತದೆ: "ನೋಡು ಪುಟ್ಟಿ, ಇದು ಕರೆಕ್ಟು!"