ಆಯ್ದಕ್ಕಿ ಲಕ್ಕಮ್ಮನವರ ನಿಲುವು

ಬಸವಣ್ಣನವರ ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು 12ನೆಯ ಶತಮಾನದ ಶರಣ ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ; ಹೆಚ್ಚಿನದನ್ನು ಇದ್ದೆಡೆಯಲ್ಲಿಯೇ ಸುರಿದು ಬನ್ನಿರೆಂದರು.

“ಚೆಲ್ಲಿದುದನ್ನು ಆಯ್ದರೆ ಕಳವು ಹೇಗಾದೀತು?” ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುತ್ತಿದ್ದುದುಂಟು. ಪ್ರಶ್ನೆ ಸಹಜವೇ. ಆದರೆ ಆ ತಾಯಿ ಕಳವಿನ ಮಾತನ್ನೇ ಎತ್ತಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದು ಕಾಯಕದ ಫಲ, ಅದಕ್ಕೆ ಮಿಗಿಲಾದುದು ಆಸೆ ಎಂಬುದು ಅವರ ಲೆಕ್ಕ. ಬಿಜ್ಜಳನ ಭಂಡಾರಿಯ ಮನೆಯ ಅಕ್ಕಿಯನ್ನು ಹಿಂದಿರುಗಿಸುವ ಎದೆಗಾರಿಕೆ ಆ ಬಡ ಮನೆಗೆ ಬಂದುದು ಈ ಲೆಕ್ಕದಿಂದಲೇ. ಮಾರಯ್ಯನವರು ಪತ್ನಿಯ ಮಾತಿಗೆ ತಲೆಬಾಗಿ ಅಕ್ಕಿಯನ್ನು ಹೊತ್ತು ಮರಳಿದುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.